ಮೇಣದ ಬತ್ತಿಯೂ ಮಕ್ಕಳ ಪಾಠವೂ

ಪದಾರ್ಥಗಳಿಗೆ ಘನ, ದ್ರವ, ಅನಿಲವೆಂಬ ಮೂರು ಅವಸ್ಥೆಗಳುಂಟೆಂದು ಬಾಯಿಪಾಠ ಮಾಡಿಸುವುದು ಸುಲಭ. ಒಂದೇ ಪದಾರ್ಥವು ತನ್ನತನವನ್ನು ನೀಗದೆ ಆ ಮೂರು ರೂಪಗಳನ್ನೂ ತಾಳುವುದೆಂಬುದನ್ನು ಬಾಲಕರಿಗೆ ಮನಗಾಣಿಸುವುದು ಕಷ್ಟ. ಈ ಕಷ್ಟವನ್ನರಿತು ರಚಿತವಾದ ಗ್ರಂಥಗಳಲ್ಲಿ ಮೈಕೇಲ್ ಫ್ಯಾರಡೆಯ ‘ಮೇಣದ ಬತ್ತಿಯ ರಾಸಾಯನಿಕ ಚರಿತ್ರೆ’ಯು ಮುಖ್ಯವಾದುದು. 1860ರ ಕ್ರಿಸ್ಮಸ್ ಕಾಲದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಬಾಲಶ್ರೋತೃಗಳಿಗಾಗಿ ಮೊದಲಾದ ಆರು ಉಪನ್ಯಾಸಗಳನ್ನು ವಿಲಿಯಂ ಕ್ರೂಕ್ಸನು ಸಂಪಾದಿಸಿ, 1861ರಲ್ಲಿ ಪುಸ್ತಕರೂಪಕ್ಕೆ ತಂದನು.

ಹೆಸರಿಗಿಂತ ಮೊದಲು ವಸ್ತುವನ್ನು ತೋರಿಸುವುದೇ ಈ ಗ್ರಂಥದ ಹಿರಿಯ ಗುಣ. ಉರಿಯುವ ಬತ್ತಿಯ ತಲೆಯಲ್ಲಿ ಬಟ್ಟಲಿನಂತಹ ಕುಳಿಯುಂಟಾಗಿ, ಕರಗಿದ ಮೇಣವು ಅದರಲ್ಲಿ ನಿಲ್ಲುವುದು. ಸುತ್ತಲಿಂದ ಮೇಲೇರುವ ಗಾಳಿಯು ಅಂಚನ್ನು ತಂಪಾಗಿರಿಸುವುದರಿಂದ ಆ ಬಟ್ಟಲು ಒಡೆಯದು. ದೀಪವನ್ನು ನಂದಿಸಿ, ಎರಡು ಮೂರು ಅಂಗುಲ ದೂರದಲ್ಲಿ ಬೇರೊಂದು ಉರಿಯನ್ನು ಹಿಡಿದರೆ, ಜ್ವಾಲೆಯು ಮೇಣದ ಆವಿಯ ದಾರಿಯಲ್ಲಿಯೇ ಇಳಿದುಬರುವುದು. ಹೀಗೆ ಅನಿಲವೆಂಬುದು ಶಬ್ದವಾಗಿ ಉಳಿಯದೆ ಕಣ್ಣಿಗೆ ಬೀಳುವುದು. ನೀರಿನ ಪ್ರಕರಣವಂತೂ ಇನ್ನೂ ಸೊಗಸಾದುದು. ದಪ್ಪವಾದ ಎರಕದ ಕಬ್ಬಿಣದ ಸೀಸೆಗಳಲ್ಲಿ ನೀರು ತುಂಬಿ, ಬಾಯಿ ಬಿಗಿದು, ಮಂಜುಗಡ್ಡೆ ಮತ್ತು ಉಪ್ಪಿನ ಮಿಶ್ರಣದಲ್ಲಿಟ್ಟಾಗ, ಗಡ್ಡೆಯಾಗುವ ನೀರು ನೂರಕ್ಕೆ 9ರಷ್ಟು ಹಿಗ್ಗಿ ಕಬ್ಬಿಣವನ್ನೇ ಸೀಳುವುದು. ಅದೇ ನೀರು ಕುದಿದು ಆವಿಯಾದರೆ ಒಂದು ಘನ ಅಂಗುಲವು ಸುಮಾರು ಒಂದು ಘನ ಅಡಿಯನ್ನು ತುಂಬುವುದು.

ಆದರೂ ಗ್ರಂಥವು ನಿರ್ದೋಷವೆನ್ನಲಾಗದು. ಫ್ಯಾರಡೆಯ ಗುರಿ ದಹನಕ್ರಿಯೆಯಾದುದರಿಂದ ಕರಗುವಿಕೆಯು ಅದರ ಮೆಟ್ಟಿಲಾಗಿ ಮಾತ್ರ ಬರುವುದು. ಕರಗಿದ ಮೇಣವು ತಣಿದರೆ ಮರಳಿ ಮೇಣವೇ. ಉರಿದ ಮೇಣವು ಮರಳದು. ಬತ್ತಿಯಲ್ಲಿ ಇವೆರಡೂ ಒಟ್ಟಿಗೆ ನಡೆಯುವುದರಿಂದ, ಕರಗಿದುದೆಲ್ಲ ನಾಶವಾಯಿತೆಂದು ಮಗುವು ಭ್ರಮಿಸುವುದು ಸಹಜ. ಆದುದರಿಂದ ಉಪಾಧ್ಯಾಯರು ಬತ್ತಿಯನ್ನು ಹಚ್ಚುವ ಮೊದಲು ಮೇಣದ ಚೂರೊಂದನ್ನು ತೂಗಿ, ಸೌಟಿನಲ್ಲಿ ಕರಗಿಸಿ, ಆರಿಸಿ, ಮತ್ತೆ ತೂಗಿ ತೋರಿಸುವುದು ಅವಶ್ಯ.

ಈ ಪಾಠವು ಕನ್ನಡಕ್ಕೆ ಬಂದಾಗ ಮತ್ತೊಂದು ತೊಡಕು ಎದುರಾಗುವುದು. ‘ಸಕ್ಕರೆ ಹಾಲಿನಲ್ಲಿ ಕರಗಿತು’, ‘ತುಪ್ಪ ಬಿಸಿಗೆ ಕರಗಿತು’ ಎಂಬೆರಡರಲ್ಲಿಯೂ ಕ್ರಿಯಾಪದವೊಂದೇ. ಆದರೆ ತುಪ್ಪಕ್ಕೆ ಬೇಕಾದುದು ಶಾಖ ಮಾತ್ರ. ಸಕ್ಕರೆಗೆ ಬೇರೊಂದು ದ್ರವದ ಆಶ್ರಯ ಬೇಕು. ‘ಹೆಪ್ಪುಗಟ್ಟು’ ಎಂಬುದು ಇನ್ನೂ ವಂಚಕವಾದ ಮಾತು. ಹೆಪ್ಪು ಹಾಕಿದ ಹಾಲು ಸೂಕ್ಷ್ಮಜೀವಿಗಳು ಹುಟ್ಟಿಸಿದ ಆಮ್ಲದಿಂದ ಮೊಸರಾಗುವುದು, ಹಾಲಾಗಿ ಮರಳದು. ಹೆಪ್ಪುಗಟ್ಟಿದ ನೀರಾದರೋ ಬಿಸಿಲಿಗಿಟ್ಟರೆ ನೀರೇ. ಪಠ್ಯಕಾರರು ಈ ಭೇದವನ್ನು ತೋರದೆ ‘ದ್ರವೀಭವನ’, ‘ಘನೀಭವನ’ಗಳೆಂಬ ಸಂಸ್ಕೃತಪದಗಳನ್ನು ಮುಂದಿಟ್ಟರೆ ತೊಡಕು ಮರೆಯಾಗುವುದೇ ಹೊರತು ಬಿಡಿಸಲ್ಪಡದು.

ಪರಿಹಾರವು ಅಡಿಗೆಮನೆಯಲ್ಲಿಯೇ ಇದೆ. ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿ ಸೆಂಟಿಗ್ರೇಡಿನ ಕೆಳಗೆ ಗಟ್ಟಿಯಾಗುವುದು. ಮಾಗಿಯ ಬೆಳಗ್ಗೆ ಬಿಳಿಯ ಗಡ್ಡೆಯಾಗಿದ್ದುದು ಮಧ್ಯಾಹ್ನಕ್ಕೆ ತಿಳಿಯಾಗುವುದು. ಗಟ್ಟಿಯಾಗಲು ಹಿಮದ ಚಳಿಯೇ ಬೇಕಿಲ್ಲವೆಂದೂ, ಒಂದೊಂದು ಪದಾರ್ಥಕ್ಕೂ ಅದರದೇ ಮಟ್ಟವುಂಟೆಂದೂ ಅದು ಸಾರುವುದು. ಪಕ್ಕದಲ್ಲಿ ಸಕ್ಕರೆಯ ನೀರನ್ನೂ ಮೊಸರನ್ನೂ ಇಟ್ಟು, ‘ಇವುಗಳಲ್ಲಿ ಯಾವುದು ಬರಿಯ ಬಿಸಿ ತಂಪುಗಳಿಂದಲೇ ಮೊದಲಿನಂತಾಗುವುದು?’ ಎಂದು ಕೇಳಿದರೆ ಮಗುವು ತಾನಾಗಿಯೇ ವಿಂಗಡಿಸತೊಡಗುವುದು. ಆ ವಿಂಗಡಣೆಗೆ ಹೆಸರು ಬೇಕೆನಿಸಿದಾಗ ಪಾರಿಭಾಷಿಕ ಪದವನ್ನು ಕೊಟ್ಟರಾಯಿತು.

ಫ್ಯಾರಡೆಯ ಗ್ರಂಥವು ಕನ್ನಡದ ಪಾಠಕಾರರಿಗೆ ಮಾದರಿಯಾಗಬೇಕಾದುದು ಅದರ ಮೇಣದ ಬತ್ತಿಗಾಗಿ ಅಲ್ಲ, ಅದರ ಕ್ರಮಕ್ಕಾಗಿ. ಅವನು ತನ್ನ ಶ್ರೋತೃಗಳ ಮನೆಯಲ್ಲಿದ್ದುದನ್ನೇ ಕೈಗೆತ್ತಿಕೊಂಡನು. ಇಲ್ಲಿಯ ಲೇಖಕರು ಅವನ ಬತ್ತಿಯನ್ನು ಅನುವಾದಿಸಿ ತೃಪ್ತರಾಗದೆ, ಇಲ್ಲಿಯ ಮಕ್ಕಳು ದಿನವೂ ಕಾಣುವ ಎಣ್ಣೆಯ ಗಿಂಡಿಯನ್ನೂ ತುಪ್ಪದ ಮಿಳ್ಳೆಯನ್ನೂ ಪಾಠಕ್ಕೆ ತರುವುದು ಲೇಸು.