ಅರಸನಿಗಿಟ್ಟ ಹೊಟ್ಟೆ: ದೋಮಿಯೆಯ ‘ಗಾರ್ಗಾಂಟುವಾ’

ತೊಗಲುಗೊಂಬೆಯಾಟದಲ್ಲಿ ದೇವರು, ಅರಸರು ದೊಡ್ಡ ತೊಗಲಿನಲ್ಲಿ ಮೂಡುತ್ತಾರೆ, ಆಳುಕಾಳುಗಳು ಚಿಕ್ಕವರು. ಅಲ್ಲಿ ಗಾತ್ರವೆಂದರೆ ಮರ್ಯಾದೆ. ಡೊಳ್ಳುಹೊಟ್ಟೆ ಇರುವುದು ನಗಿಸಲು ಬರುವ ಕಿಳ್ಳೇಕ್ಯಾತನಿಗೆ. ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ಯಾರಿಸ್ಸಿನ ಓನೊರೆ ದೋಮಿಯೆ 1831ರಲ್ಲಿ ಕಲ್ಲಚ್ಚಿನಲ್ಲಿ ತೆಗೆದ ‘ಗಾರ್ಗಾಂಟುವಾ’ ಎಂಬ ವ್ಯಂಗ್ಯಚಿತ್ರದಲ್ಲಿ ಆ ಹೊಟ್ಟೆ ಅರಸನಿಗೇ ಬಂದಿದೆ. ಚಿತ್ರದ ಎದೆಗಾರಿಕೆ ಇರುವುದು ಇಲ್ಲಿ.

ಶಾರ್ಲ್ ಫಿಲಿಪೋನ್ ನಡೆಸುತ್ತಿದ್ದ ‘ಲಾ ಕಾರಿಕಾತೂರ್’ ವಾರಪತ್ರಿಕೆಗೆಂದು ಸಿದ್ಧವಾದ ಚಿತ್ರವಿದು. ದೊರೆ ಲೂಯಿ ಫಿಲಿಪ್ ಬೆಟ್ಟದ ಹಾಗೆ ಕೂತಿದ್ದಾನೆ. ನೆಲದಿಂದ ಅವನ ಬಾಯಿಗೆ ಒಂದು ಹಲಗೆ. ಚಳ್ಳಕೆರೆ ಮಂಡಿಯ ಹಮಾಲರು ಶೇಂಗಾ ಚೀಲ ಹೊತ್ತು ಲಾರಿ ಏರುವಂತೆ, ಪುಟಾಣಿ ಆಳುಗಳು ನಾಣ್ಯದ ಬುಟ್ಟಿ ಹೊತ್ತು ಹಲಗೆ ಏರುತ್ತಾರೆ. ಕೆಳಗೆ ಹರಕು ಬಟ್ಟೆಯ ಬಡವರು ಇದ್ದಬದ್ದ ಕಾಸು ಹಾಕುತ್ತಿದ್ದಾರೆ. ಅವರ ನಡುವೆ ಎದೆಹಾಲು ಕುಡಿಸುವ ತಾಯಿಯೂ ಇದ್ದಾಳೆ. ಸಿಂಹಾಸನವೇ ದೊರೆಯ ಮಲಪೀಠ. ಅದರಡಿ ಉದುರುವ ಪದವಿಪತ್ರ, ಬಿರುದುಗಳಿಗೆ ಆಸ್ಥಾನದವರು ಮುಗಿಬಿದ್ದಿದ್ದಾರೆ.

ಮೂಲ ಕಥೆ ಹದಿನಾರನೇ ಶತಮಾನದ ಫ್ರಾಂಸ್ವಾ ರಾಬ್ಲೆಯದು. ಅವನ ರಾಕ್ಷಸ ಗಾರ್ಗಾಂಟುವಾ ಕೂಸಾಗಿದ್ದಾಗ ಹಾಲಿಗೆ 17,913 ಹಸು ಬೇಕಾಗಿದ್ದವು. ಆದರೆ ಓದಿ ಬೆಳೆದ ಮೇಲೆ ಅವನು ಸೋತವರನ್ನು ಕ್ಷಮಿಸುವ ಉದಾರಿ. ದೋಮಿಯೆ ಹಸಿವನ್ನಷ್ಟೇ ಎತ್ತಿಕೊಂಡು ಔದಾರ್ಯವನ್ನು ಬಿಟ್ಟ. ರಾಬ್ಲೆಗೆ ಇದು ಅನ್ಯಾಯವೇ. ಆದರೂ ದೊರೆಗೆ ಬೊಕ್ಕಸದಿಂದ ಎಷ್ಟು ಹಣ ಕೊಡಬೇಕೆಂಬ ಚರ್ಚೆ ನಡೆದಿದ್ದ ಕಾಲಕ್ಕೆ ಆ ಆಯ್ಕೆ ಸರಿಯಾಗಿತ್ತು. ಓದುಗರಿಗೆ ರಾಕ್ಷಸ ಗೊತ್ತಿದ್ದ. ದುಡ್ಡು ಯಾರದೆಂದು ತೋರಿಸುವುದಷ್ಟೇ ಬಾಕಿಯಿತ್ತು. ಒಂದು ಹಲಗೆ ಅದನ್ನು ತೋರಿಸಿತು.

ಕುಂದೂ ಇದೆ. ಸಿಂಹಾಸನದಡಿಯ ಗುಂಪು ಕಿಕ್ಕಿರಿದು ಕಣ್ಣಿಗೆ ನಿಲ್ಲುವುದಿಲ್ಲ. 1834ರ ‘ರ್ಯೂ ತ್ರಾನ್ಸ್‌ನೊನೆ’ಯಲ್ಲಿ ಒಂದು ಕೋಣೆಯನ್ನೂ ಅಲ್ಲಿ ಸತ್ತುಬಿದ್ದವರನ್ನೂ ಮಾತ್ರ ಬರೆದ ದೋಮಿಯೆಯ ಹಿಡಿತ ಇಲ್ಲಿನ್ನೂ ಬಂದಿಲ್ಲ. ‘ಗಾರ್ಗಾಂಟುವಾ’ ತೆಗೆದಾಗ ಅವನಿಗೆ ಇಪ್ಪತ್ತಮೂರು ವರ್ಷ. ಸರ್ಕಾರ ಚಿತ್ರವನ್ನು ಮುಟ್ಟುಗೋಲು ಹಾಕಿಕೊಂಡಿತು. ಅವನಿಗೆ ಆರು ತಿಂಗಳ ಸೆರೆ, 500 ಫ್ರಾಂಕ್ ದಂಡವಾಯಿತು.

ರಾಶಿಯವರು 1942ರಲ್ಲಿ ‘ಕೊರವಂಜಿ’ ಆರಂಭಿಸಿದಾಗಿನಿಂದ ಕನ್ನಡಕ್ಕೆ ನಗೆಪತ್ರಿಕೆಯ ರುಚಿ ಹತ್ತಿದೆ; ಆರ್.ಕೆ. ಲಕ್ಷ್ಮಣ್ ಕೂಡ ಅದಕ್ಕೆ ಚಿತ್ರ ಬರೆದರು. ನಮ್ಮ ವ್ಯಂಗ್ಯಚಿತ್ರಕಾರರು ದೋಮಿಯೆಯಿಂದ ಕಲಿಯಬೇಕಾದದ್ದು ಗಾರ್ಗಾಂಟುವಾನನ್ನಲ್ಲ. ಊರೆಲ್ಲ ಸರದಿಯಲ್ಲಿ ಬಂಡಿ ಅನ್ನ ಕಳಿಸುತ್ತಿದ್ದ ಬಕಾಸುರ ನಮ್ಮಲ್ಲೇ ಇದ್ದಾನೆ. ಅವನ ಬಾಯಿಯನ್ನು ಯಾರು ಬೇಕಾದರೂ ಬರೆದಾರು. ಬಂಡಿ ಯಾರ ಮನೆಯಿಂದ ಹೊರಟಿತು ಎಂಬುದನ್ನೂ ಬರೆದವನೇ ನಿಜವಾದ ವ್ಯಂಗ್ಯಚಿತ್ರಕಾರ.