ಜೀರ್ಜಿಂಬೆಯ ಆಟ ಮತ್ತು ಖಾಲಿ ಭೂಪಟ

ಮೊದಲ ಮಳೆ ಬಿದ್ದ ಮೇಲೆ ಬೇಲಿಯ ಜಾಲಿಗಿಡದಲ್ಲಿ ಜೀರ್ಜಿಂಬೆ ಹುಡುಕಿ, ಬೆಂಕಿಪೊಟ್ಟಣದಲ್ಲಿ ಸೊಪ್ಪು ಹಾಕಿ ಸಾಕಿದವರಿಗೆ ಪೋಕೆಮಾನ್ ತೀರಾ ಅಪರಿಚಿತವೆನಿಸದು. ಅದನ್ನು ರೂಪಿಸಿದ ಸತೋಷಿ ತಾಜಿರಿ ಟೋಕಿಯೋದ ಅಂಚಿನ ಮಚಿದಾದಲ್ಲಿ ಹುಳ ಹಿಡಿಯುತ್ತಾ ಬೆಳೆದವರು. ನಗರ ಬೆಳೆದು ಗದ್ದೆ, ಕುಂಟೆಗಳು ಮುಚ್ಚಿದ ಮೇಲೆ ಆ ಸುಖ ಮುಂದಿನ ಮಕ್ಕಳಿಗೂ ಸಿಗಲೆಂದು ಅವರು ಅದನ್ನು ಅಂಗೈಯಗಲದ ಯಂತ್ರಕ್ಕೆ ತಂದರು. 1996ರ ಮೊದಲ ಆಟದಲ್ಲಿ 151 ಜೀವಿಗಳು. ಅವುಗಳಲ್ಲಿ ಕೆಲವು ನಮ್ಮ ಯಂತ್ರದಲ್ಲಿ ಸಿಗುವುದೇ ಇಲ್ಲ. ಗೆಳೆಯನ ಯಂತ್ರಕ್ಕೆ ಕೇಬಲ್ ಸಿಕ್ಕಿಸಿ ಅದಲುಬದಲು ಮಾಡಿಕೊಳ್ಳಬೇಕು.

2016ರ ಜುಲೈನಲ್ಲಿ ಬಂದ ‘ಪೋಕೆಮಾನ್ ಗೋ’ ಈ ಆಟದ ದಿಕ್ಕನ್ನೇ ತಿರುಗಿಸಿತು. ಹುಲ್ಲಿನಿಂದ ಪರದೆಗೆ ಬಂದದ್ದನ್ನು ಮತ್ತೆ ಬೀದಿಗೆ ಕಳಿಸಿತು. ಮೊಟ್ಟೆ ಒಡೆಯಬೇಕಾದರೆ ಎರಡೋ ಐದೋ ಹತ್ತೋ ಕಿಲೋಮೀಟರ್ ನಡೆಯಬೇಕು. ಗುಡಿ, ಶಿಲ್ಪ, ಹಳೆಯ ಕಟ್ಟಡಗಳೆಲ್ಲ ಪೋಕೆಸ್ಟಾಪ್‌ಗಳು. ಹಾದುಹೋಗುತ್ತಲೇ ಇದ್ದ ಕಲ್ಲೊಂದರ ಫೋಟೋ ಮತ್ತು ಹೆಸರು ಫೋನಿನಲ್ಲಿ ಮೂಡಿ, ತಲೆಯೆತ್ತಿ ನೋಡುವಂತೆ ಮಾಡುವುದು ಸಣ್ಣ ಸಾಧನೆಯಲ್ಲ. (ಗುಡಿಗಳಲ್ಲಿ ‘ಮೊಟ್ಟೆ’ ಸಿಗುತ್ತದೆಂದು ಗುಜರಾತ್ ಹೈಕೋರ್ಟಿಗೆ ಅರ್ಜಿ ಹೋಗಿದ್ದೂ ಆ ವರ್ಷವೇ.) ಅಂತರಗಂಗೆಯ ಮೆಟ್ಟಿಲು ಹತ್ತಲು ಹದಿಹರೆಯದವರಿಗೆ ನೆಪವೊಂದನ್ನು ಕೊಡುವ ವಿಡಿಯೋ ಗೇಮ್ ಅದಕ್ಕೂ ಮೊದಲು ಇತ್ತೇ? ನನಗಂತೂ ನೆನಪಾಗದು.

ಆದರೆ ಈ ಭೂಪಟ ಬರೆದವರು ಯಾರು? ನಿಯಾಂಟಿಕ್ ಕಂಪನಿಯ ಹಿಂದಿನ ಆಟ ‘ಇಂಗ್ರೆಸ್’ ಆಡಿದವರು ಫೋಟೋ ತೆಗೆದು ಸೂಚಿಸಿದ ಜಾಗಗಳೇ ಬಹುಪಾಲು ಸ್ಟಾಪ್‌ಗಳಾದವು. ಅಂಥ ಆಟಗಾರರು ಹೆಚ್ಚಿದ್ದುದು ದೊಡ್ಡ ನಗರಗಳಲ್ಲಿ. ಭಾರತಕ್ಕೆ ಅಧಿಕೃತವಾಗಿ ಡಿಸೆಂಬರ್‌ನಲ್ಲಿ ಬಂದಾಗ ಜಿಯೋ ಜೊತೆಗಿನ ಒಪ್ಪಂದದಂತೆ ರಿಲಯನ್ಸಿನ ಸಾವಿರಾರು ಮಳಿಗೆಗಳೂ ಸ್ಟಾಪ್‌ಗಳಾದವು. ಶಾಸನದ ಕಲ್ಲಿಗೂ ಸಿಮ್ ಮಾರುವ ಅಂಗಡಿಗೂ ಒಂದೇ ಅಂತಸ್ತು. ಜೀವಿಗಳನ್ನು ಹಿಡಿಯುವ ಚೆಂಡುಗಳು ಮುಖ್ಯವಾಗಿ ಸಿಗುವುದು ಈ ಸ್ಟಾಪ್‌ಗಳಲ್ಲಿ. ಸ್ಟಾಪ್ ಇಲ್ಲದ ಕಡೆ ಚೆಂಡು ಬೇಗ ಮುಗಿಯುತ್ತದೆ, ಮುಗಿದರೆ ದುಡ್ಡು ಕೊಟ್ಟು ಕೊಳ್ಳಬೇಕು. ಅಂದರೆ ಮಾಲೂರಿನಿಂದ ದಿನವೂ ರೈಲು ಹತ್ತಿ ಬೆಂಗಳೂರಿಗೆ ಹೋಗುವ ಹುಡುಗನಿಗೆ ಆಟವೂ ನೌಕರಿಯಂತೆ ಬೆಂಗಳೂರಿನಲ್ಲೇ ಸಿಗುತ್ತದೆ. ಬಡವರ ಆಟ ಶ್ರೀಮಂತರ ಆಟಕ್ಕಿಂತ ದುಬಾರಿಯಾಗುವ ಈ ಲೆಕ್ಕ ನನಗೆ ಈ ಆಟದ ಅತಿ ದೊಡ್ಡ ದೋಷವಾಗಿ ಕಾಣುತ್ತದೆ. ಗ್ರಾಫಿಕ್ಸಿನ ಬಗ್ಗೆ ಪುಟಗಟ್ಟಲೆ ಬರೆದ ವಿಮರ್ಶಕರು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ.

ಇನ್ನೊಂದು ಕೊರತೆ ಕಲ್ಪನೆಯದು. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿದ್ದಾಳೆ. ಚೇಳು ಈ ಕಲ್ಲುನೆಲದ ಜೀವಿ, ಅದರ ಭಯ ಈ ನೆಲದ್ದು, ಆ ಭಯಕ್ಕೆ ಸಿಕ್ಕ ರೂಪವೂ ಇಲ್ಲಿಯದೇ. ಪೋಕೆಮಾನ್‌ನಲ್ಲೂ ಸ್ಕೊರುಪಿ ಎಂಬ ಚೇಳಿದೆ; ಅದಕ್ಕೆ ಕೋಲಾರವೂ ಒಂದೇ, ಕೋಪನ್‌ಹೇಗನ್ನೂ ಒಂದೇ. ಪ್ರದೇಶಕ್ಕೆ ಸೀಮಿತವಾದ ಕೆಲವು ಜೀವಿಗಳೇನೋ ಇವೆ, ಆದರೆ ಆಸ್ಟ್ರೇಲಿಯಾಕ್ಕೊಂದು, ಯುರೋಪಿಗೊಂದು ಎಂಬಂತೆ ಹೆಚ್ಚಾಗಿ ಖಂಡದ ಅಳತೆಯಲ್ಲಿ. ನೀರಿನ ಜೀವಿಗಳು ನೀರಿನ ಹತ್ತಿರ ಹೆಚ್ಚು ಎಂಬ ನಿಯಮ ಚೆನ್ನಾಗಿದೆ. ಆದರೆ ಭೂಪಟದ ನೀಲಿ ಬಣ್ಣಕ್ಕೆ ಕೆರೆ ಬತ್ತಿದೆಯೋ, ಕೆ.ಸಿ. ವ್ಯಾಲಿಯ ನೀರು ಬಂದು ತುಂಬಿದೆಯೋ ಹೇಗೆ ತಿಳಿಯಬೇಕು? ಬೀದಿಗಿಳಿಸಿದ ಆಟ ಬೀದಿಯನ್ನು ಹಿನ್ನೆಲೆಯ ಪರದೆಯಾಗಿ ಮಾತ್ರ ಬಳಸಿತು. 2023ರಲ್ಲಿ ಆಟ ಹಿಂದಿಗೆ ಬಂತು, ನೂರಾರು ಜೀವಿಗಳ ಹೆಸರು ಆ ಲಿಪಿಯಲ್ಲಿ ಮೂಡಿತು. ಕನ್ನಡವಿಲ್ಲ, ಮುಳಬಾಗಿಲಿನ ಪೇಟೆಯಲ್ಲಿ ಕೇಳಿಬರುವ ತೆಲುಗೂ ಇಲ್ಲ.

ಕೊರೊನಾ ಕಾಲದಲ್ಲಿ ಕಂಪನಿ ಬಾಗಿಲು ಸಡಿಲಿಸಿತು: ಸ್ಟಾಪ್ ಮುಟ್ಟುವ ದೂರವನ್ನು ದುಪ್ಪಟ್ಟು ಮಾಡಿತು, ದೂರದಿಂದಲೇ ಗುಂಪುಕಾಳಗಕ್ಕೆ ಸೇರುವ ರಿಮೋಟ್ ಪಾಸ್ ತಂದಿತು. ಜೊತೆಗಾರರೇ ಇಲ್ಲದ ಸಣ್ಣ ಊರಿನವರಿಗೆ ಆ ಕಾಳಗಗಳು ಎಟುಕಿದ್ದು ಆಗಲೇ. 2023ರ ಏಪ್ರಿಲ್‌ನಲ್ಲಿ ಪಾಸಿನ ಬೆಲೆ ಸುಮಾರು ಇಮ್ಮಡಿಯಾಯಿತು, ದಿನಕ್ಕೆ ಐದೇ ಎಂಬ ಮಿತಿಯೂ ಬಂತು. ಜನ ಹೊರಗೆ ಬಂದು ಸೇರಬೇಕೆಂಬುದು ಕಂಪನಿ ಕೊಟ್ಟ ಕಾರಣ. ಮಾತು ಸರಿಯೇ, ಆದರೆ ಅದು ಹೊರಗೆ ಜನ ಸಿಗುವ ಊರಿನ ಮಾತು. 2025ರಲ್ಲಿ ನಿಯಾಂಟಿಕ್ ಈ ಆಟವನ್ನೇ ಸ್ಕೋಪ್ಲಿ ಎಂಬ ಕಂಪನಿಗೆ ಮಾರಿತು.

ಹಳೆಯ ಕೇಬಲ್ಲಿನ ಕೆಲಸ ಮಾತ್ರ ಗೋ ಆಟದಲ್ಲಿ ತಡವಾಗಿ, 2018ರಲ್ಲಿ ಬಂತು. ಆಗಿನ ಮುಖ್ಯ ಷರತ್ತು ಒಂದು: ಕೊಡುವವನೂ ಕೊಳ್ಳುವವನೂ ಹತ್ತಿರದಲ್ಲೇ ಇರಬೇಕು. ಶ್ರೀನಿವಾಸಪುರದ ಇಬ್ಬರು ಹುಡುಗರಿಗೆ ಇದರಲ್ಲಿ ಬೆಂಗಳೂರಿನವರಿಗಿಂತ ಏನೂ ಕಡಿಮೆಯಿಲ್ಲ. ಸ್ಟಾಪ್ ಬೇಡ, ಜಿಮ್ ಬೇಡ, ಇಬ್ಬರೂ ಒಂದೇ ಮಾವಿನ ತೋಪಿನಲ್ಲಿ ಕೂತಿದ್ದರೆ ಸಾಕು.