ಹಳ್ಳಕ್ಕಿಳಿಯುವ ಮುನ್ನ ಗಾಲಿ ಆರಲಿ

ಹಿಂಗಾರಿ ಬಿತ್ತನೆ ಮುಗಿದಿದೆ, ಕಡಲೆ ರಾಶಿಗೆ ಇನ್ನೂ ದಿನವಿದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಸೀಮೆಯಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳು ಹಿತ್ತಲಲ್ಲಿ ಮೂಗು ನೆಲಕ್ಕೂರಿ ನಿಂತಿವೆ. ಅವುಗಳ ಹೊಟ್ಟೆಯ ಕೆಳಗೆ ಬಗ್ಗಿ ನೋಡಲು ಇದೇ ಹೊತ್ತು.

ಮೊದಲು ನೋಡಬೇಕಾದದ್ದು ಗಾಲಿಯ ಗುಂಬ, ಗ್ಯಾರೇಜಿನವರ ಮಾತಿನಲ್ಲಿ ಹಬ್ಬು. ಮಳೆಗಾಲದಲ್ಲಿ ಬೆಣ್ಣಿಹಳ್ಳವನ್ನೋ ತುಪ್ಪರಿಹಳ್ಳವನ್ನೋ ದಾಟಿದ ಟ್ರೇಲರಿನ ಮುಚ್ಚಳ ಬಿಚ್ಚಿದಾಗ ಗ್ರೀಸು ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆ ಎಂದೇ ಅರ್ಥ. ಅದನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಬೇಕು. ಸಣ್ಣಗೆ ಹರಳು ತಾಗಿದರೆ ನೀರಿನ ಜೊತೆ ರೇವೆಯೂ ಸೇರಿದೆ. ಇನ್ನು ಬೇರಿಂಗ್ ತೊಳೆದು, ರೋಲರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡದೆ ಗಾಲಿ ಮುಚ್ಚಬಾರದು. ತುಕ್ಕಿನ ಒಂದು ಚುಕ್ಕೆ ಕಂಡರೂ ಆ ಬೇರಿಂಗ್ ಬದಲಿಸಬೇಕು.

ನೀರು ಒಳಗೆ ಹೋಗುವ ದಾರಿಯನ್ನು ಚೆನ್ನಾಗಿ ಬಲ್ಲವರು ದೋಣಿ ಸಾಗಿಸುವ ಟ್ರೇಲರಿನವರು. ದೂರದಿಂದ ಓಡಿಬಂದ ಗಾಲಿಯ ಹಬ್ಬು ಕಾದಿರುತ್ತದೆ. ದೋಣಿ ಇಳಿಸಲು ಅದನ್ನು ತಣ್ಣೀರಿಗೆ ಇಳಿಸಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಅವರು ಹಬ್ಬು ಆರುವವರೆಗೆ ದಡದಲ್ಲಿ ಕಾಯುತ್ತಾರೆ. ಒಳಗಿನ ಗ್ರೀಸನ್ನು ಸದಾ ಒತ್ತಿ ಹಿಡಿಯುವ ಸ್ಪ್ರಿಂಗ್ ಮುಚ್ಚಳಗಳನ್ನೂ ಹಾಕಿಸುತ್ತಾರೆ. ಹೇರು ಹೊತ್ತು ಡಾಂಬರು ರಸ್ತೆಯಲ್ಲಿ ಓಡಿಬಂದು ನೇರ ಹಳ್ಳಕ್ಕಿಳಿಯುವ ನಮ್ಮ ಟ್ರೇಲರಿಗೂ ಆಗುವುದು ಇದೇ. ದಂಡೆಯಲ್ಲಿ ನಿಲ್ಲಿಸಿ ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟರೂ ಬೇರಿಂಗಿನ ಆಯುಷ್ಯ ಹೆಚ್ಚುತ್ತದೆ. ಹೊಸ ಆಯಿಲ್ ಸೀಲು ಮತ್ತು ನೀರಿಗೆ ಜಗ್ಗದ ಗ್ರೀಸು, ಈ ಎರಡು ಅತಿ ಅಗ್ಗದ ಸುಧಾರಣೆಗಳು. ಹಳೆಯ ಗ್ರೀಸಿನ ಮೇಲೆ ಬೇರೆ ಜಾತಿಯ ಗ್ರೀಸು ತುಂಬಬಾರದು. ಎರಡೂ ಬೆರೆತು ತೆಳ್ಳಗಾಗಿ ಸೋರಿಹೋಗುವುದುಂಟು.

ಎರಡನೆಯದು ಪಾಟಾ, ಅಂದರೆ ಲೀಫ್ ಸ್ಪ್ರಿಂಗಿನ ಪಟ್ಟಿ.

"ಇನ್ನೊಂದ್ ಪಾಟಾ ಹಾಕ್ರಿ, ಲೋಡ್ ತಡೀತೈತಿ" ಎಂಬ ಸಲಹೆ ಎಲ್ಲ ಗ್ಯಾರೇಜುಗಳಲ್ಲೂ ಸಿಗುತ್ತದೆ. ಅದು ಅರ್ಧ ಮಾತ್ರ ನಿಜ. ಪಾಟಾಗಳ ಸಂಖ್ಯೆಯ ಜೊತೆ ಬಿಗಿತವೂ ಏರುತ್ತದೆ. ದಪ್ಪ ಪಾಟಾ ಹಾಕಿದರಂತೂ ಏರಿಕೆ ಘನದ ಲೆಕ್ಕದಲ್ಲಿ: 10 ಮಿ.ಮೀ. ಇದ್ದದ್ದು 12 ಮಿ.ಮೀ. ಆದರೆ ಬಿಗಿತ ಸುಮಾರು ಶೇ 73ರಷ್ಟು ಹೆಚ್ಚು. ಹೇರು ತುಂಬಿದಾಗ ಗಟ್ಟಿಯಾಗಿ ನಿಂತ ಟ್ರೇಲರು ಬರಿದಾಗಿ ಮರಳುವಾಗ ಪ್ರತಿ ತಗ್ಗಿಗೂ ಜಿಗಿಯುತ್ತದೆ. ಎರಿ ಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು ನಮ್ಮ ಹೊಲದ ದಾರಿಗಳನ್ನು ವರ್ಷವಿಡೀ ಏರುಪೇರು ಮಾಡುತ್ತದೆ. ಆ ದಾರಿಯ ಪೆಟ್ಟೆಲ್ಲ ಆಗ ಅಚ್ಚಿಗೆ, ಚಾಸಿಯ ಬೆಸುಗೆಗೆ ಬೀಳುತ್ತದೆ.

ಪಾಟಾಗಳು ಒಂದರ ಮೇಲೊಂದು ಜಾರುತ್ತ ಪೆಟ್ಟನ್ನು ನುಂಗುತ್ತವೆ. ನಡುವೆ ಮಣ್ಣು ಒಣಗಿ, ತುಕ್ಕು ಹಿಡಿದರೆ ಏಳು ಪಾಟಾ ಸೇರಿ ಒಂದೇ ದಿಮ್ಮಿಯಂತಾಗುತ್ತವೆ. ಹಾಗಾಗಿ ಹೊಸ ಪಾಟಾ ಕೊಳ್ಳುವ ಮೊದಲು ಇರುವುದನ್ನು ಬಿಚ್ಚಿ, ತಂತಿ ಬ್ರಷ್‌ನಿಂದ ಉಜ್ಜಿ ಜೋಡಿಸಬೇಕು. ಮುರಿದ ಪಾಟಾಕ್ಕೆ ವೆಲ್ಡಿಂಗ್ ಮಾತ್ರ ಬೇಡ. ಕಾಸಿ, ತಣಿಸಿ, ಹದ ಮಾಡಿದ ಉಕ್ಕು ಅದು. ಬೆಸುಗೆಯ ಬಿಸಿಗೆ ಹದ ಕೆಟ್ಟು ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಹೊಸದು ಹಾಕುವುದಾದರೆ ಎಡಬಲ ಎರಡೂ ಕಡೆ ಒಂದೇ ಅಳತೆಯದ್ದು ಇರಲಿ.

ಮೂರನೆಯದು ಹೇರಿನ ಸಮತೋಲ, ಪಾಟಾಗಿಂತ ಹಳೆಯ ವಿದ್ಯೆ. ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡುವ ಮನೆಗಳಲ್ಲಿ ಪಾಟಾ ಇಲ್ಲದ ಬಂಡಿಗೆ ದಪ್ಪಗೆ ಮೇವು ಹಾಸಿ, ಮೇಲೆ ಜಮಖಾನ ಹರವಿ ಕೂರುತ್ತಾರೆ. ಮುಂದೆ ಎಷ್ಟು ಜನ, ಹಿಂದೆ ಎಷ್ಟು ಗಂಟು ಎಂಬುದನ್ನು ಹಿರಿಯರೇ ತೂಗಿ ಹೇಳುತ್ತಾರೆ. ಭಾರ ಮುಂದಾದರೆ ಎತ್ತಿನ ಹೆಗಲಿಗೆ ಗಾಯ, ಹಿಂದಾದರೆ ನೊಗ ಎದ್ದು ಕೊರಳು ಬಿಗಿಯುತ್ತದೆ. 1979ರಲ್ಲಿ ಸಂಶೋಧಕರಾದ ಎಂ.ಆರ್. ರಾಘವನ್ ಮತ್ತು ಡಿ.ಎಲ್. ಪ್ರಸನ್ನ ರಾವ್ ಎರಡು ಗಾಲಿಯ ಎತ್ತಿನ ಬಂಡಿಯನ್ನು ಎಂಜಿನಿಯರಿಂಗ್ ಲೆಕ್ಕಕ್ಕೆ ಒಳಪಡಿಸಿದರು. ಹೇರಿನ ತೂಕದ ಕೇಂದ್ರ ಅಚ್ಚಿಗಿಂತ ಮೇಲಿರುವುದರಿಂದ ಏರಿನಲ್ಲಿ ಭಾರ ಹಿಂದಕ್ಕೆ, ಇಳಿಜಾರಿನಲ್ಲಿ ಮುಂದಕ್ಕೆ ಸರಿಯುತ್ತದೆ. ಎರಡು ಗಾಲಿಯ ಟ್ರೇಲರಿನ ಹುಕ್ಕಿಗೂ ಇದೇ ಲೆಕ್ಕ. ಮೂಟೆಗಳನ್ನೆಲ್ಲ ಹಿಂಬಾಗಿಲಿಗೆ ಒಟ್ಟಿದ ಟ್ರೇಲರು ಟ್ರ್ಯಾಕ್ಟರಿನ ಹಿಂಗಾಲಿಯ ಹಿಡಿತವನ್ನೇ ಕಸಿಯುತ್ತದೆ. ಕಲಘಟಗಿ ಕಡೆಯ ಏರಿಳಿತದ ದಾರಿಯಲ್ಲಿ ಇದು ಬೇಗ ಅರಿವಿಗೆ ಬರುತ್ತದೆ.

ಕೊನೆಯದಾಗಿ ಯು ಬೋಲ್ಟು. ಪಾಟಾಗಳನ್ನು ಅಚ್ಚಿಗೆ ಕಟ್ಟಿ ಹಿಡಿದಿರುವುದು ಇದೇ. ಇದು ಸಡಿಲಾದರೆ ಸೆಂಟರ್ ಬೋಲ್ಟು ತುಂಡಾಗಿ ಅಚ್ಚು ಓರೆಗೆ ಸರಿಯುತ್ತದೆ. ಹೊಸದಾಗಿ ಬಿಗಿದ ಬೋಲ್ಟು ಮೊದಲ ಹೇರಿನಲ್ಲಿ ಕೊಂಚ ಸಡಿಲಾಗುವುದು ಸಹಜ. ಬಿಗಿದ ಮೇಲೆ ನಟ್ಟು ಬೋಲ್ಟು ಎರಡರ ಮೇಲೂ ಹಾಯುವಂತೆ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. ಕಡಲೆಯ ಮೊದಲ ಹೇರು ಮನೆ ಮುಟ್ಟಿದ ಸಂಜೆ ಬಗ್ಗಿ ನೋಡಿ: ಗೆರೆ ತುಂಡಾಗಿದ್ದರೆ ನಟ್ಟು ತಿರುಗಿದೆ; ತುಂಡಾಗದಿದ್ದರೂ ಎರಡನೇ ಹೇರಿಗೆ ಮುಂಚೆ ಒಮ್ಮೆ ಪಾನಾ ಹಿಡಿಯಬೇಕು.